ಊರಿಗೆ ಊರೇ ರಜ

“ನಿಮಗೋಸ್ಕರ ಕಣ್ ಮೇಡಂ! ಊರ ಹೆಣ್ಮಕ್ಳು ಒಬ್ಳೂ ಇವತ್ತು ಕೆಲ್ಸಕ್ಕೆ ಓಗಿಲ್ಲ. ಎಲ್ಲಾರೂ ರಜ ಆಕವ್ರೆ!” ಎಂದು ಪಂಚಾಯ್ತಿ ಮೆಂಬರ್ ನಾಗರಾಜು ಎದೆಯುಬ್ಬಿಸಿ ಹೇಳಿದ.

ಹೇಳಬಾರದಿತ್ತು. ಬಟ್ಟೆ ಕಂಪನಿಯ ಕಡೆಯಿಂದ ಹೊಸ ಫ್ಯಾಕ್ಟರಿಗೆ ಜಾಗ ನೋಡಲು ಬಂದಿದ್ದ ಅಮೃತಳ ಮುಖದ ನಗು ಅಲ್ಲಿಗೇ ನಿಂತಿತು. ಬೆಳಗಿನಿಂದ ಅವಳಿಗೆ ಎಲ್ಲವೂ ಒಪ್ಪಿಗೆಯಾಗಿತ್ತು. ಈ ಕೊಪ್ಪ ಊರಿನ ರಸ್ತೆ ಚೆನ್ನಾಗಿತ್ತು, ಕರೆಂಟಿತ್ತು, ನೀರಿತ್ತು, ಮುಚ್ಚಿಹೋಗಿದ್ದ ಅಕ್ಕಿ ಗಿರಣಿಯ ಗೋಡೆಗಳು ಇನ್ನೂ ಗಟ್ಟಿಮುಟ್ಟಾಗಿದ್ದವು. ಬಂಡವಾಳ ಹಾಕುವ ಮಾಲೀಕರು ಮಾತ್ರ ಅವಳು ಹೊರಡುವಾಗ ಒಂದೇ ಮಾತು ಹೇಳಿದ್ದರು: “ರೋಡು, ಕರೆಂಟು ನಾನು ಕಾಗದದಲ್ಲೇ ನೋಡ್ತೀನಿ. ನೀನು ಜನ ನೋಡ್ಕೊಂಡು ಬಾ. ದಿನಾ ಕೆಲಸಕ್ಕೆ ಬರೋರು ಇದ್ದರೆ ಅಲ್ಲಿ ದುಡ್ಡು ಹಾಕೋಣ. ಇಲ್ಲದಿದ್ದರೆ ಮಳವಳ್ಳಿ ಕಡೆ ಜಾಗ ಇದ್ದೇ ಇದೆ.” ಇಲ್ಲಿ ನೋಡಿದರೆ, ಯಾರೋ ಒಬ್ಬಳು ಬಂದಳೆಂದು ಊರಿಗೆ ಊರೇ ರಜ ಹಾಕಿ, ಮದುವೆ ಸೀರೆ ಉಟ್ಟು, ಆರತಿ ತಟ್ಟೆ ಹಿಡಿದು ನಿಂತಿದೆ!

“ನಾಳೆ ಬೀಗರು ಬಂದರೂ ಹೀಗೇನಾ?” ಅಮೃತ ಕೇಳಿದಳು.

“ಬೀಗ್ರು ಬಂದ್ರೆ ಇನ್ನೂ ಜೋರು ಮೇಡಂ! ಇಡೀ ಕೇರಿಗೇ ಬಾಡೂಟ!” ಎಂದ ನಾಗರಾಜು. ಅಯ್ಯೋ, ಅವನ ಬಾಯಿ ಮುಚ್ಚಿಸುವವರಾರು?

ಹಿಂದೆ ನಿಂತಿದ್ದ ಅರುಂಧತಿ ಹಿಡಿದಿದ್ದ ಆರತಿ ತಟ್ಟೆಯನ್ನು ಕೆಳಗಿಳಿಸಿದಳು. ಅವಳು ಗೆಜ್ಜಲಗೆರೆಯ ಗಾರ್ಮೆಂಟ್ಸಿನಲ್ಲಿ ಹೊಲಿಗೆಗೆ ಹೋಗುವವಳು. ರಜದ ಬೆಲೆ ಅವಳಿಗೆ ಗೊತ್ತು. ಕತ್ತಲಿರುವಾಗಲೇ ಬಸ್ಸು ಹತ್ತಿದರೆ ಕತ್ತಲಾದ ಮೇಲೇ ಮನೆ. ಇನ್ನೂ ಅಂಬೆಗಾಲಿಡದ ಕೂಸು ಹಗಲೆಲ್ಲ ಅತ್ತೆ ಮಂಚಮ್ಮನ ಕೈಯಲ್ಲಿ, ಬಾಟಲಿ ಹಾಲಿನ ಮೇಲೆ. ಗಿರಣಿಯಲ್ಲಿ ಫ್ಯಾಕ್ಟರಿ ಬಂದರೆ ಊಟದ ಬಿಡುವಿನಲ್ಲಿ ಓಡಿಬಂದು ಒಂದು ಸಲ ಎದೆಹಾಲು ಕುಡಿಸಿ ಹೋಗಬಹುದು. ಅವಳು ಆಸೆಪಟ್ಟಿದ್ದು ಅಷ್ಟೇ. ಅಷ್ಟಕ್ಕೂ ಈಗ ಕಲ್ಲು ಬಿತ್ತಲ್ಲ ಎಂದು ಸಂಕಟವಾಯಿತು.

“ಸರಿ, ನೋಡಿ ತಿಳಿಸ್ತೀವಿ” ಎಂದು ಅಮೃತ ಕಾರಿನ ಕಡೆ ತಿರುಗಿದಳು. ಹಾಗೆಂದರೆ ಏನರ್ಥವೆಂದು ಹೆಣ್ಣು ತೋರಿಸಿದ ಮನೆಯವರಿಗೆಲ್ಲ ಗೊತ್ತು. ಆದರೆ ಮಂಚಮ್ಮ ಬಿಡಬೇಕಲ್ಲ! ಹೋಗಿ ಕೈಯನ್ನೇ ಹಿಡಿದುಕೊಂಡಳು. “ಉಣ್ದೆ ಓಯ್ತೀಯಾ? ನಾಟಿ ಕೋಳಿ ಕುಯ್ದಿವ್ನಿ ಕಣವ್ವ. ಪ್ಯಾಕ್ಟ್ರಿ ಮಾಡು, ಬುಡು, ಅದು ನಿನ್ನಿಷ್ಟ. ಉಂಡ್ಕೊಂಡು ಓಗು.”

ಅಮೃತ ಜಗಲಿಯ ಮೇಲೆ ಕೂತು ಮುದ್ದೆ ಮುರಿಯುತ್ತಿದ್ದಾಗ ಒಳಗೆ ಕೂಸು ಕಿಟಾರನೆ ಕಿರುಚಿತು. ಅರುಂಧತಿ ಎತ್ತಿಕೊಂಡರೆ ಅದು ಮೈ ಸೆಟೆದು, ಅಜ್ಜಿಯ ಕಡೆಗೇ ಕೈ ಚಾಚುತ್ತಿತ್ತು. ಮಂಚಮ್ಮ ಬಡಿಸುವುದನ್ನು ಬಿಟ್ಟು ಒಳಗೆ ಓಡಿದಳು. ಕಿಟಕಿ ಮುಚ್ಚಿದಳು, ಹಿತ್ತಲ ಬಾಗಿಲು ಹಾಕಿದಳು, ತಾಯಿ ಕೂಸು ಇಬ್ಬರನ್ನೂ ಒಳಗೇ ಬಿಟ್ಟು ಕೋಣೆಯ ಕದವನ್ನೂ ಎಳೆದುಕೊಂಡು ಹೊರಗೆ ಬಂದಳು.

“ಈ ಮಟಮಟ ಮಧ್ಯಾಹ್ನ ಯಾಕಮ್ಮ ಕತ್ತಲು ಮಾಡ್ತೀರಿ?” ಅಮೃತ ಕೇಳಿದಳು.

“ರಾತ್ರಿ ಆಯ್ತು ಅನ್ಕೊಂಡ್ರೆ ಅವ್ವನ ತಾವು ಓಯ್ತದೆ ಕಣವ್ವ. ಅವ್ಳು ಮನೇಲಿರೋದೇ ರಾತ್ರಿ, ಅಗಲೊತ್ತು ಕೂಸ್ಗೆ ಅವ್ಳ ಗುರ್ತು ಸಿಕ್ಕಲ್ಲ. ಬಾನ್ವಾರ ಸಂಜೆ ಒತ್ಗೆ ಒಸಿ ಒಗ್ಗತದೆ, ಸೋಮ್ವಾರ ತಿರ್ಗಾ ಮರ್ತ್ಬುಡ್ತದೆ” ಎಂದು ಮಂಚಮ್ಮ ಸಾರು ಬಿಟ್ಟಳು. ಒಳಗೆ ಅಳು ನಿಂತಿತ್ತು. ಅಮೃತ ಮುರಿದ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಮುಚ್ಚಿದ ಕದವನ್ನು ನೋಡಿದಳು.

ಸ್ವಲ್ಪ ಹೊತ್ತಿಗೆ ಅರುಂಧತಿ ಸೆರಗು ಸರಿಮಾಡಿಕೊಳ್ಳುತ್ತ ಹೊರಗೆ ಬಂದಳು. ಅಮೃತ ಅವಳನ್ನೇ ನೋಡಿ ಕೇಳಿದಳು: “ನಿಜ ಹೇಳಿ. ಫ್ಯಾಕ್ಟರಿ ಇಲ್ಲೇ ಬಂದರೆ, ನೆಂಟರು ಬಂದಾಗೆಲ್ಲ ರಜ ಹಾಕ್ತೀರಲ್ವಾ?”

ನಾಗರಾಜು ಅಂಗಳದಿಂದಲೇ ಬೇಡ ಬೇಡ ಎಂದು ಎರಡೂ ಕೈ ಆಡಿಸಿದ. ಅರುಂಧತಿ ಅವನನ್ನೂ ನೋಡಿದಳು, ಮುಚ್ಚಿದ ಕಿಟಕಿಯನ್ನೂ ನೋಡಿದಳು. ಒಂದು ಸುಳ್ಳು ಸಾಕಿತ್ತು. ಪಾಪ, ಆ ಹುಡುಗಿಗೆ ಅದು ಬರಲಿಲ್ಲ.

“ಆಕ್ತೀವಿ ಮೇಡಂ. ಮನೆಗ್ ಬಂದೋರ್ನ ಬಾಗ್ಲಲ್ ನಿಲ್ಸಕಾಯ್ತದಾ? ಇವತ್ತು ನಿಮ್ಗೇ ಆಕಿಲ್ವಾ? ಆದ್ರೆ ಕೂಸ್ಗೆ ಮೈ ಬೆಚ್ಚಗಾಯ್ತು, ಅತ್ತೆಗೆ ಸೊಂಟ ಇಡ್ಕಳ್ತು ಅಂತ ಈಗ ಆಕೋ ರಜ ಆಗ ಆಕಲ್ಲ. ಇಲ್ಲೇ ಇದ್ರೆ ಒಂದ್ ಗಳಿಗೆ ಓಡ್ಬಂದು ನೋಡ್ಕ ಓಯ್ತೀವಿ.”

ನಾಗರಾಜು ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟ. ಅಮೃತ ತಟ್ಟೆ ಬರಿದು ಮಾಡಿ, ಕೈ ತೊಳೆದು, ಹೊಂಗೆ ಮರದ ಕೆಳಗೆ ನಿಂತು ಮಾಲೀಕರಿಗೆ ಫೋನು ಹಚ್ಚಿದಳು. ರಸ್ತೆ ಕೇಳಿದರು, ಹೇಳಿದಳು. ಕರೆಂಟು ಕೇಳಿದರು, ಹೇಳಿದಳು.

“ಹಾಜರಿ ಹೇಗಮ್ಮ? ಹೆಂಗಸರು ತಪ್ಪಿಸಿಕೊಳ್ಳೋ ಪೈಕಿಯೋ?”

ಅಮೃತ ತಿರುಗಿ ನೋಡಿದಳು. ಬಂದವಳನ್ನು ಉಣ್ಣಿಸಿ ಕಳಿಸದೆ ತಾವು ಉಣ್ಣಬಾರದೆಂದು, ಬೆಳಗಿನಿಂದ ಹಸಿದುಕೊಂಡು, ಊರ ಹೆಂಗಸರೆಲ್ಲ ಇನ್ನೂ ಬಿಸಿಲಲ್ಲೇ ನಿಂತಿದ್ದರು.

“ಇಲ್ಲ ಸರ್,” ಎಂದಳು. “ಒಬ್ಬರೂ ತಪ್ಪಿಸಿಕೊಂಡಿಲ್ಲ. ಎಲ್ಲರೂ ಬಂದಿದ್ದಾರೆ.”