ತೊಳೆದಿಟ್ಟ ತಟ್ಟೆ

ತೊಟ್ಟಿಯ ನೀರಿಗೆ ಪರೀಕ್ಷೆಯ ದ್ರಾವಣ ಬೆರೆಸಿದ ಗಾಜಿನ ಕೊಳವೆಯನ್ನು ಮಗಳು ಕಿಟಕಿಯ ಬೆಳಕಿಗೆ ಹಿಡಿದಳು. ನೀರಿನಲ್ಲಿ ಕೊಳೆಯಿದ್ದರೆ ಅದು ಕೆಂಪಾಗಬೇಕಿತ್ತು. ಬಣ್ಣವೇ ಬಂದಿರಲಿಲ್ಲ. ಅಪ್ಪ ಎದೆಯುಬ್ಬಿಸಿದ. ಜೀವಮಾನವಿಡೀ ಪ್ಲಂಬರ್ ಆಗಿದ್ದವನು, ಅವಳು ಜೀವಂತ ಹವಳಗಳನ್ನು ಸಾಕಿದ್ದ ಗಾಜಿನ ತೊಟ್ಟಿಗೆ ತಾನೇ ಫಿಲ್ಟರ್ ಕಟ್ಟಿಕೊಟ್ಟಿದ್ದ. "ನೋಡಿದ್ಯಾ? ಒಂದು ಚೂರು ಕೊಳೆಯಿಲ್ಲ. ರೋಗ ಬೇರೆಲ್ಲೋ ಇದೆ, ಹುಡುಕು."

ಗಾಜಿನಾಚೆ ಮೆದು ಹವಳಗಳು ಒದ್ದೆ ಕಾಲುಚೀಲದ ಹಾಗೆ ಮುದುಡಿ ಬಿದ್ದಿದ್ದವು. ಇನ್ನಷ್ಟು ದಿನ ಹೀಗೇ ಬಿಟ್ಟರೆ ಒಂದೂ ಉಳಿಯುವುದಿಲ್ಲ. ಅವಳು ಲೈಟ್ ಬದಲಿಸಿದ್ದಳು, ಉಪ್ಪು ಅಳೆದಿದ್ದಳು, ಹವಳಗಳ ಜಾಗವನ್ನೂ ಬದಲಾಯಿಸಿ ನೋಡಿದ್ದಳು. ಇನ್ನು ಉಳಿದದ್ದು ಫಿಲ್ಟರ್ ಒಂದೇ. ಆದರೆ ಅಪ್ಪನ ಕೆಲಸದಲ್ಲಿ ಕೊಂಕು ತೆಗೆಯುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

"ಅಪ್ಪಾ, ಇವು ಆ ಕೊಳೆಯಿಂದಲೇ ಬದುಕೋದು. ಸ್ವಲ್ಪನಾದ್ರೂ ಇರಬೇಕು. ನಿನ್ನ ಫಿಲ್ಟರ್ ಇವುಗಳ ತಟ್ಟೇನೂ ತೊಳೆದಿಟ್ಟಿದೆ. ಪಾಪ, ಉಪವಾಸ ಬಿದ್ದಿವೆ."

ಅಡುಗೆಮನೆಯಿಂದ ಅಮ್ಮ, "ಅಯ್ಯೋ, ಹೇಳೇಬಿಟ್ಟಳಾ!" ಎಂದಳು.

ಅಪ್ಪ ಕೊಳವೆಯನ್ನು ಕಿತ್ತುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ತೊಟ್ಟಿಯ ಹಿಂದೆ ಬಗ್ಗಿ, ಫಿಲ್ಟರಿನ ಅರ್ಧ ಭಾಗವನ್ನು ಬಿಚ್ಚಿ ನೆಲದ ಮೇಲಿಟ್ಟ. ಆಮೇಲೆ ಒದ್ದೆ ಕೈಯಲ್ಲೇ, ಜೊತೆಯಲ್ಲಿ ಕೆಲಸ ಮಾಡಿದ ಹಳೆಯ ಗೆಳೆಯನಿಗೆ ಫೋನ್ ಹಚ್ಚಿದ. ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದ: "ಲೋ, ಕೇಳಿಲ್ಲಿ. ನನ್ನ ಕೆಲಸದಲ್ಲಿ ತಪ್ಪು ಹಿಡಿಯೋರು ಇನ್ನೂ ಹುಟ್ಟಿಲ್ಲ ಅಂತ ಜಂಬ ಕೊಚ್ತಿದ್ನಲ್ಲ? ಹುಟ್ಟಿದ್ದಾಳೆ ಕಣೋ. ನಮ್ಮನೇಲೇ!"