ಕಂಬದೊಳಗಿನ ಚೀಲ

ಉಳಿಯ ಎರಡನೇ ಪೆಟ್ಟಿಗೆ ಕಂಬದ ಬುಡದ ಗಾರೆ ಚಕ್ಕೆಯಾಗಿ ಕಳಚಿ ಬಿತ್ತು. ಒಳಗಿನಿಂದ ಸಿಮೆಂಟ್ ಚೀಲದ ಕಾಗದ ಇಣುಕಿತು. ಗಾರೆ ಮೇಸ್ತ್ರಿ ಅದನ್ನು ಎರಡು ಬೆರಳಲ್ಲಿ ಹಿಡಿದು ಎಳೆದರು. ಮಡಿಕೆ ಮಡಿಕೆಯಾಗಿ ಒಂದು ಚೀಲ ಪೂರ್ತಿ ಹೊರಬಂತು. ಅದು ಬಿಟ್ಟ ಜಾಗದಲ್ಲಿ ಮಣಿಕಟ್ಟಿನವರೆಗೆ ಕೈ ಹೋಗುವಂಥ ಪೊಟರೆ. ಒಳಗೆ ತುಕ್ಕು ಹಿಡಿದ ಎರಡು ಕಂಬಿ, ಮುಟ್ಟಿದರೆ ಉದುರುವ ಜಲ್ಲಿ.

"ಏನದು ಕಸ? ಬಿಸಾಕು ಆಚೆಗೆ," ಎಂದರು ಬೆನ್ನ ಹಿಂದೆ ನಿಂತಿದ್ದ ಮನೆ ಯಜಮಾನರು. "ಬೇಗ ಮುಚ್ಚು ಮೇಸ್ತ್ರಿ. ಕಲಸಿದ ಗಾರೆ ಗಟ್ಟಿಯಾಗ್ತಿದೆ."

ಹಿಂದಿನ ದಿನ ಮಧ್ಯಾಹ್ನ ಭೂಮಿ ನಡುಗಿ, ಹತ್ತು ಎಣಿಸುವಷ್ಟರಲ್ಲಿ ಸುಮ್ಮನಾಗಿತ್ತು. ಐದು ಅಂತಸ್ತಿನ ಆ ಮನೆ ನಿಂತೇ ಇತ್ತು. ಆದರೆ ತಳದಲ್ಲಿ, ಕಾರು ನಿಲ್ಲಿಸುವ ಜಾಗದ ಮೂಲೆ ಕಂಬಕ್ಕೆ ಓರೆಯಾಗಿ ಬಿರುಕು ಬಿದ್ದಿತ್ತು. ಬಾಡಿಗೆಯವರೆಲ್ಲ ಹಾಸಿಗೆ ಹೊತ್ತು ಮೈದಾನ ಸೇರಿದ್ದರು. ಅವರು ವಾಪಸು ಬರುವಷ್ಟರಲ್ಲಿ ಬಿರುಕು ಕಾಣಬಾರದೆಂದು ಯಜಮಾನರು ಬೆಳಿಗ್ಗೆಯೇ ಮೇಸ್ತ್ರಿಯನ್ನು ಕರೆಸಿದ್ದರು. ಅವರ ಮಗಳು ಮಾತ್ರ ಹನ್ನೆರಡು ದಿನದ ಕೂಸಿನೊಂದಿಗೆ ಮೂರನೇ ಮಹಡಿಯಲ್ಲೇ ಇದ್ದಳು. ಹಸುಗೂಸನ್ನು ಗಾಳಿಗೊಡ್ಡಲು ಅಪ್ಪ ಒಪ್ಪಿರಲಿಲ್ಲ.

ಮೇಸ್ತ್ರಿ ಎದ್ದು ಸುತ್ತಿಗೆಯ ಹಿಡಿಯಿಂದ ಪಕ್ಕದ ಕಂಬವನ್ನು ತಟ್ಟಿದರು. ಸದ್ದು ಗಟ್ಟಿಯಾಗಿ ಮರಳಿತು. ಅದರಾಚೆಯ ಕಂಬ ತಟ್ಟಿದರು. ಅದು ಖಾಲಿ ಡಬ್ಬದ ಹಾಗೆ ಮಾತಾಡಿತು. ಕಿವಿ ಹಚ್ಚಿ ಮತ್ತೊಮ್ಮೆ ತಟ್ಟಿ, ಕಣ್ಣು ಮುಚ್ಚಿಕೊಂಡು ಕೊಂಚ ಹೊತ್ತು ಹಾಗೇ ನಿಂತರು.

"ಏನಯ್ಯಾ, ಡಾಕ್ಟರ್ ಆಗ್ಬಿಟ್ಟೆಯಾ? ನಾಡಿ ಸಿಕ್ತಾ?"

"ಸಿಕ್ತು ಯಜಮಾನ್ರೇ. ಮಗಳನ್ನ ಕೆಳಗೆ ಕರೀರಿ."

"ತಲೆ ಕೆಟ್ಟಿದ್ಯಾ ನಿನಗೆ? ನಿನ್ನೆ ಅಷ್ಟು ಅಲ್ಲಾಡಿದ್ರೂ ಒಂದು ಇಟ್ಟಿಗೆ ಬಿತ್ತಾ?"

"ನಿನ್ನೆ ಇದಕ್ಕಿದ್ದ ಕಸುವು ಇವತ್ತಿಲ್ಲ. ಇನ್ನೊಂದು ಸಲ ಅಲ್ಲಾಡಿದ್ರೆ ಮೊದಲು ಈ ಮೂಲೆ ಕಂಬ ಕುಸಿಯುತ್ತೆ. ಮೇಲಿನ ನಾಲ್ಕೂ ಅಂತಸ್ತು ಒಂದರ ಮೇಲೊಂದು ಬಂದು ಕೂತ್ಕೊಳ್ತವೆ. ನಡುವೆ ಒಂದು ತಟ್ಟೆ ಇಡೋಕೂ ಜಾಗ ಉಳಿಯಲ್ಲ."

"ಬಿಡು ಬಿಡು. ಭೂಮಿ ನಡುಗಿಸೋನು ಆ ದೇವರು. ಅವನು ಮನಸ್ಸು ಮಾಡಿದ್ರೆ ನೀನೇನು, ನಾನೇನು?"

"ನಡುಗಿಸಿದ್ದು ಅವನೇ, ಇಲ್ಲ ಅನ್ನಲ್ಲ. ಈ ಚೀಲ ತುರುಕಿದ್ದು ಮಾತ್ರ ನಾನು."

ಮೇಸ್ತ್ರಿ ಕಂಬದ ಕಡೆಗೆ ಮುಖ ಮಾಡಿಕೊಂಡೇ ಮಾತಾಡಿದರು. "ಈ ಮನೆ ಕಟ್ಟೋವಾಗ ಅಚ್ಚಿನ ಹಲಗೆ ಬಿಚ್ಚಿದ್ರೆ ಕಂಬ ತೂತು ತೂತಾಗಿ ಜೇನುಗೂಡಾಗಿತ್ತು. ಕಾಂಕ್ರೀಟ್ ಬೇಗ ಇಳೀಲಿ ಅಂತ ನೀರು ಸುರಿದಿದ್ವಿ, ಕೋಲಲ್ಲಿ ಸರಿಯಾಗಿ ತಿವಿದಿರ್ಲಿಲ್ಲ. ಒಡೆದು ಮತ್ತೆ ಹಾಕೋಣ ಅಂದೆ. ಗುತ್ತಿಗೆದಾರರು, 'ಮತ್ತೆ ನಿನ್ನ ಕರಣೆ ಇರೋದ್ಯಾಕೆ?' ಅಂದ್ರು. ಚೀಲ ತುರುಕಿ ಮೇಲೆ ಗಾರೆ ಬಳಿದೆ. ಸಾಯಂಕಾಲ ನೀವು ಬಂದು ಕಂಬದ ಮೇಲೆ ಕೈಯಾಡಿಸಿ, 'ಬೆಣ್ಣೆ ಕಣೋ' ಅಂತ ನನ್ನ ಬೆನ್ನು ತಟ್ಟಿದ್ರಿ. ಅವತ್ತು ನನಗೆ ಊಟ ಸೇರ್ಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಚೆನ್ನಾಗೇ ಸೇರ್ತು. ಆಮೇಲೆ ಮೂರು ಅಂತಸ್ತಿಗೆ ಅಂತ ನಿಲ್ಲಿಸಿದ ಕಂಬದ ಮೇಲೆ ಇನ್ನೆರಡು ಏರಿಸಿದ್ರಿ. ಕಾರು ತಿರುಗಲ್ಲ ಅಂತ ಇಲ್ಲಿದ್ದ ಗೋಡೆ ತೆಗೆಸಿದ್ರಿ. ಒಡೆದೋನೂ ನಾನೇ."

"ಇಷ್ಟು ವರ್ಷ ಬಾಯಿಗೇನಾಗಿತ್ತು?"

"ಅದಕ್ಕೂ ಗಾರೆ ಬಳ್ಕೊಂಡಿದ್ದೆ."

ಯಜಮಾನರು ಬೀದಿಯ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು. "ನೋಡು, ಆಗಿದ್ದು ಆಗಿಹೋಯ್ತು. ಊರಿಗೆಲ್ಲ ಡಂಗುರ ಹೊಡೀಬೇಡ. ಇವತ್ತು ಮುಚ್ಚು. ಮುಂದಿನ ತಿಂಗಳು ಎಂಜಿನಿಯರನ್ನ ಕರೆಸೋಣ." ಎಂದೂ ಕರಣೆ ಮುಟ್ಟದ ಅವರು ಬಾಂಡ್ಲಿಯಿಂದ ತಾವೇ ಅದರಲ್ಲಿ ಗಾರೆ ಎತ್ತಿ ಮೇಸ್ತ್ರಿಯ ಮುಂದೆ ಹಿಡಿದರು. ಗಾರೆಯ ನೀರು ಮೊಣಕೈಗೆ ಇಳಿದು ಬಿಳಿ ಅಂಗಿ ನೆನೆಯಿತು.

ಮೇಸ್ತ್ರಿ ಕರಣೆ ತೆಗೆದುಕೊಳ್ಳಲಿಲ್ಲ. ಬೀದಿಗೆ ಬಂದು, ಕತ್ತೆತ್ತಿ ಕೂಗಿದರು. "ಪುಟ್ಟೀ! ಕೂಸನ್ನ ಎತ್ಕೊಂಡು ಇಳಿದು ಬಾ. ಇನ್ನೇನೂ ಹುಡುಕ್ಬೇಡ. ಬೇಗ!"

ಅವಳು ಬರಿಗಾಲಲ್ಲೇ ಬಂದಳು. ಮೆಟ್ಟಿಲ ಬುಡದಲ್ಲಿ ನಿಂತು ಪೊಟರೆ ನೋಡಿದಳು, ನೆಲದ ಮೇಲಿನ ಚೀಲ ನೋಡಿದಳು, ಗಾರೆ ಹಿಡಿದು ನಿಂತ ಅಪ್ಪನನ್ನು ನೋಡಿದಳು. ಕೂಸನ್ನು ಎದೆಗೆ ಒತ್ತಿಕೊಂಡು ಕಂಬದಿಂದ ದೂರ ಸರಿದಳು. ಅವಳು ಹಾಗೆ ಸರಿದದ್ದನ್ನು ಕಂಡು ಯಜಮಾನರ ಕೈ ತಾನಾಗಿಯೇ ಕೆಳಗಿಳಿಯಿತು.

"ಎದುರು ಮನೆಗೆ ಹೋಗಮ್ಮ," ಎಂದರು ಅವರು. "ಬಿಸಿಲಲ್ಲಿ ನಿಲ್ಬೇಡ. ಅವರದ್ದಕ್ಕೆ ಬಿರುಕು ಬಿದ್ದಿಲ್ಲ."

ಅವಳು ರಸ್ತೆಯ ಅರ್ಧ ದಾಟಿದ್ದಳು. "ಅಲ್ಲಿಗೆ ಬೇಡ ಮಗಳೇ," ಎಂದರು ಮೇಸ್ತ್ರಿ.

"ಹಾಗಾದ್ರೆ ಮೂಲೆ ಮನೆಗೆ?" ಎಂದು ಅವಳು ತಿರುಗಿ ಕೇಳಿದಳು.

ಮೇಸ್ತ್ರಿ ತಲೆ ತಗ್ಗಿಸಿದರು. ಅವಳು ಬೀದಿಯ ಈ ತುದಿಯಿಂದ ಆ ತುದಿಗೆ ಒಮ್ಮೆ ನೋಡಿದಳು. ಎರಡೂ ಕಡೆ ಐದು, ಆರು ಅಂತಸ್ತಿನ ಮನೆಗಳು. ಬಾಲ್ಕನಿಗಳಲ್ಲಿ ಒಗೆದ ಬಟ್ಟೆ, ಯಾರದೋ ನಗು, ಎಲ್ಲೋ ರೇಡಿಯೋ.

"ಮೇಸ್ತ್ರಿ ಮಾಮ, ಈ ಬೀದೀಲಿ ಯಾವ್ಯಾವ ಮನೆ ನೀವು ಮಾಡಿದ್ದು?"

"ಯಾವುದು ಮಾಡಿಲ್ಲ ಅಂತ ಕೇಳು ತಾಯಿ. ಅದಾದ್ರೆ ಬೇಗ ಹೇಳಿ ಮುಗಿಸ್ತೀನಿ."