ನಲವತ್ತು ಅಡಿ ಕೆಳಗಿನ ಕೆಂಪು

“ಎಲ್ಲಿದೆ ನಿಮ್ಮ ಕೆಂಪು ಗುರುತು? ತೋರಿಸಿ ನೋಡೋಣ.”

ಇಂಜಿನಿಯರ್ ವಿಡಿಯೊ ನಿಲ್ಲಿಸಿ ಪರದೆಯನ್ನು ಮಾವ, ಸೊಸೆ ಇಬ್ಬರ ಕಡೆಗೂ ತಿರುಗಿಸಿದ. ನೀರೊಳಗಿನ ಸೇತುವೆಯ ಕಂಬ, ಅದರ ಮೇಲೊಂದು ಹಳೆಯ ಬಿರುಕು. ಅದು ಒಂದು ಕಡೆ ಕವಲೊಡೆದು, ಅಲ್ಲಿಂದ ಮುಂದಕ್ಕೂ ಮೊಳದುದ್ದ ಕಪ್ಪಗೆ ಹರಿದಿತ್ತು. ಕೆಂಪೆನ್ನುವುದು ಮದ್ದಿಗೂ ಕಾಣಲಿಲ್ಲ.

“ಬಿರುಕಿನ ತುದಿಗೆ ಕೆಂಪು ಬಣ್ಣದ ಗುರುತು ಹಾಕಿದ್ದೇನೆ ಅಂತ ಐದು ವರ್ಷದ ಹಿಂದೆ ವರದಿ ಕೊಟ್ಟಿದ್ದೀರಿ. ಗುರುತೂ ಇಲ್ಲ, ಬಿರುಕೂ ನಿಂತಿಲ್ಲ. ನಿಜ ಹೇಳಿ ಯಜಮಾನ್ರೇ, ಆವತ್ತು ನೀವು ನೀರಿಗೆ ಇಳಿದಿದ್ರಾ?”

ಮೂವತ್ತು ವರ್ಷ ನೀರಲ್ಲಿ ಮುಳುಗಿ ಕೆಲಸ ಮಾಡಿದ ಮನುಷ್ಯನಿಗೆ ಕೇಳುವ ಮಾತೇ ಇದು! ಕಚೇರಿಗೆ ಕಚೇರಿಯೇ ಅವರನ್ನು ಮುಳುಗಪ್ಪ ಎಂದು ಕರೆಯುತ್ತಿತ್ತು. ಕಿವಿಯ ತಮಟೆ ಹರಿದ ಮೇಲೆ ಸೊಸೆಗೆ ಕೆಲಸ ಕಲಿಸಿ ದಡ ಹತ್ತಿದ್ದರು. “ಇಳಿದಿದ್ದೆ ಸ್ವಾಮಿ,” ಎಂದರು. ಸೊಸೆಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ವಿಡಿಯೊ ತೆಗೆದವಳು ಅವಳೇ. ಮಾವನ ಮಾನವನ್ನು ತನ್ನ ಕೈಯಾರೆ ತಂದು ಈ ಮೇಜಿನ ಮೇಲೆ ಹರಾಜಿಗಿಟ್ಟ ಹಾಗಾಯಿತಲ್ಲ!

“ಇನ್ನೊಂದ್ಸಲ ಇಳಿದು ನೋಡ್ತೀನಿ ಸಾರ್. ನಾಡಿದ್ದಿನವರೆಗೆ ಟೈಮ್ ಕೊಡಿ.”

“ಕೊಡ್ತೀನಮ್ಮ. ಆಗಲೂ ಗುರುತು ಸಿಗದಿದ್ರೆ ಸೇತುವೆ ಮುಚ್ಚಿಸಿ, ಸುಳ್ಳು ವರದಿ ಅಂತ ಮೇಲಕ್ಕೆ ಬರೀತೀನಿ. ನಿನ್ನ ಗುತ್ತಿಗೆನೂ ಹೋಗುತ್ತೆ, ತಿಳ್ಕೋ.”

ಮನೆಗೆ ಬಂದವಳು ವಿಡಿಯೊವನ್ನು ಹತ್ತು ಸಲ ನೋಡಿದಳು. ಅಂಗೈಯಗಲದ ಕ್ಯಾಮೆರಾ, ಅದರ ನೆತ್ತಿಗೇ ದೀಪ ಸಿಕ್ಕಿಸಿದ್ದರಿಂದ ಕೆಸರಿನ ಕಣಗಳೆಲ್ಲ ಹೊಳೆದು, ಯಾರೋ ಎದುರಿಗೆ ನಿಂತು ಹಿಟ್ಟು ಜರಡಿ ಹಿಡಿದಂತೆ ಕಂಡಿತ್ತು. ಅದಕ್ಕೇ ಅವಳು ದೀಪ ಆರಿಸಿ, ಮೇಲಿನಿಂದ ಇಳಿದ ಬೆಳಕಲ್ಲೇ ಉಳಿದದ್ದನ್ನು ತೆಗೆದಿದ್ದಳು. ಹನ್ನೊಂದನೇ ಸಲ ನೋಡುವಾಗ ಅವಳ ಕಣ್ಣು ಬಿರುಕಿನಿಂದ ಸರಿದು ಪರದೆಯಲ್ಲಿದ್ದ ತನ್ನ ಕೈಯ ಮೇಲೆಯೇ ಬಿತ್ತು. ಪಾಚಿ ಉಜ್ಜುತ್ತಿದ್ದ ಬ್ರಷ್ಷಿನ ಹಿಡಿ ಕಪ್ಪಗಿತ್ತು.

“ಅಯ್ಯೋ, ನನ್ನ ಹತ್ರ ಕಪ್ಪು ಬ್ರಷ್ ಎಲ್ಲಿಂದ ಬಂತು?” ಎಂದು ಬಚ್ಚಲಿಗೆ ಓಡಿದಳು. ಬಕೆಟ್ಟಿನಲ್ಲಿದ್ದ ಬ್ರಷ್ಷಿನ ಹಿಡಿ ಹಣ್ಣು ಮೆಣಸಿನಕಾಯಿಯಷ್ಟು ಕೆಂಪಗಿತ್ತು. “ಮಾವಾ! ಆಳದ ನೀರು ಕೆಂಪನ್ನ ನುಂಗಿಬಿಡುತ್ತೆ! ದೀಪ ಇಲ್ಲದಿದ್ರೆ ಅಲ್ಲಿ ಕೆಂಪೆಲ್ಲ ಕಪ್ಪೇ!”

“ನಾನು ಕೈದೀಪ ಇಲ್ಲದೆ ಒಂದಿನವೂ ಇಳಿದೋನಲ್ಲ. ನನಗೇನು ಗೊತ್ತು?”

“ಗುರುತು ಹೇಗೆ ಹಾಕಿದ್ರಿ? ಗೆರೆಯೋ, ಚುಕ್ಕೆಯೋ?”

“ಬಾಣ ಬರೆದ ಹಾಗೆ ನೆನಪು. ಆಣೆ ಮಾಡಿ ಹೇಳಕ್ಕಾಗಲ್ಲಮ್ಮ.” ಅವರ ಮುಖ ಅರಳಲೇ ಇಲ್ಲ.

ಸಂಜೆ ಪೇಟೆಯಲ್ಲಿ ದೀಪದ ಅಂಗಡಿಯವನು ತೆಂಗಿನಕಾಯಿ ಗಾತ್ರದ ದೀಪವೊಂದನ್ನು ಮುಂದಿಟ್ಟ. “ಇದನ್ನ ತಗೊಳ್ಳಿ ಅಕ್ಕಾ, ಮೀನಿಗೂ ಹಗಲಾಗಿಬಿಡುತ್ತೆ!” ಸೊಸೆ ಅದನ್ನು ಹಿಂದಕ್ಕೆ ತಳ್ಳಿದಳು. “ಹಗಲಾಗೋದು ಕೆಸರಿಗೆ ಕಣಪ್ಪ. ಬೆಳಕು ಅಗಲಕ್ಕೆ ಹರಡೋ ಚಿಕ್ಕ ದೀಪ ಎರಡು ಕೊಡು, ಸಾಕು.” ನೆಲ ಒರೆಸುವ ಕೋಲನ್ನು ಮಾವ ಅಳತೆ ಹಿಡಿದು ಕೊಯ್ದರು. ಎರಡು ತುದಿಗೆ ಎರಡು ದೀಪ, ನಡುವೆ ಕ್ಯಾಮೆರಾ. ದೀಪಗಳ ಮುಖ ಕೊಂಚ ಹೊರಕ್ಕೆ ತಿರುಗಿರಬೇಕು, ಆಗ ಲೆನ್ಸಿನ ಎದುರಿನ ಕೆಸರಿಗೆ ಬೆಳಕು ತಾಗದೆ ಕಂಬಕ್ಕೆ ತಾಗುತ್ತದೆ. ಬಕೆಟ್ಟಿನಲ್ಲಿ ಮಣ್ಣು ಕದಡಿ, ಕೋಲನ್ನು ಅದರ ಮೇಲೆ ಅಡ್ಡ ಹಿಡಿದು, ದೀಪಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಬಚ್ಚಲೆಲ್ಲ ರಾಡಿಯಾಯಿತು. ಆಗಲಿ ಬಿಡಿ, ಮಾನಕ್ಕಿಂತ ಬಚ್ಚಲು ದೊಡ್ಡದೇ?

ಮರುದಿನ ಬೆಳಿಗ್ಗೆ ನಲವತ್ತು ಅಡಿ ಕೆಳಗೆ, ಕಂಬಕ್ಕೆ ಒಂದು ಮೊಳ ದೂರದಲ್ಲಿ ಅವಳು ಎರಡೂ ದೀಪ ಹಚ್ಚಿದಳು. ಹಿಟ್ಟು ಸುರಿಯಲಿಲ್ಲ. ಹಳೆಯ ಬಿರುಕು ಬೂದುಬಣ್ಣದಲ್ಲಿ ಬಂದು ಒಂದು ಕಡೆ ನಿಂತೇಬಿಟ್ಟಿತು. ಅಲ್ಲಿಂದ ಮುಂದೆ ಕಪ್ಪಗೆ ಕಂಡಿದ್ದ ಮೊಳದುದ್ದ ಗೆರೆ ಕೆಂಪಗೆ ಎದ್ದು ಕಂಡಿತು. ಕವಲು ಅಂದುಕೊಂಡಿದ್ದು ಬಾಣದ ಮೊನೆ. ಬಿರುಕಿನ ತುದಿಯನ್ನು ಮುಟ್ಟಿಕೊಂಡೇ ಇತ್ತು. ಐದು ವರ್ಷದಲ್ಲಿ ಬಿರುಕು ಒಂದು ಕೂದಲೆಳೆಯಷ್ಟೂ ದಾಟಿರಲಿಲ್ಲ. ಪಕ್ಕದಲ್ಲಿ ಮಾವನ ಸೊಟ್ಟ ಅಕ್ಷರದಲ್ಲಿ ಇಸವಿ. ಬಾಯಲ್ಲಿ ಉಸಿರಿನ ನಳಿಗೆ ಇಲ್ಲದಿದ್ದರೆ ಅವಳು ಕೂಗಿಯೇಬಿಡುತ್ತಿದ್ದಳು. ಹೊಟ್ಟೆಯಲ್ಲಿ ಹಾಲು ಹೊಯ್ದಷ್ಟು ತಂಪಾಯಿತು.

ಇಂಜಿನಿಯರ್ ವಿಡಿಯೊವನ್ನು ಎರಡು ಸಲ ನೋಡಿದ. ಕನ್ನಡಕ ತೆಗೆದು ಒರೆಸಿ ಮೂರನೇ ಸಲ ನೋಡಿದ. ಆಮೇಲೆ ಎದ್ದು ನಿಂತು, “ತಪ್ಪು ತಿಳ್ಕೋಬೇಡಿ ಯಜಮಾನ್ರೇ. ಸೇತುವೆ ಗಟ್ಟಿಯಾಗಿದೆ ಅಂತ ಇವತ್ತೇ ಬರೀತೀನಿ,” ಎಂದು ಕೈಮುಗಿದ.

ಮೆಟ್ಟಿಲಿಳಿಯುವಾಗ ಸೊಸೆಗೆ ನಗು ತಡೆಯಲಾಗಲಿಲ್ಲ. “ಮುಖ ನೋಡಿದ್ರಾ ಮಾವ ಅವರದ್ದು? ಎಷ್ಟು ಹಗುರಾಯ್ತು ನೋಡಿ ನನಗೆ!”

ಮಾವ ನಗಲಿಲ್ಲ. ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ಅವಳ ಕೈಗಿತ್ತರು. ಅದೇ ಸೊಟ್ಟ ಅಕ್ಷರ. ‘ನಾನು ಆ ದಿನ ನೀರಿಗೆ ಇಳಿಯದೆ ವರದಿ ಕೊಟ್ಟದ್ದು ನಿಜ. ತಪ್ಪೆಲ್ಲ ನನ್ನದು. ದಯವಿಟ್ಟು ಸೊಸೆಯ ಗುತ್ತಿಗೆ ಕಿತ್ತುಕೊಳ್ಳಬೇಡಿ.’ ಕೆಳಗೆ ಸಹಿಯೂ ಆಗಿತ್ತು.

“ಬರೀತಾ ಬರೀತಾ ನನಗೂ ಹೌದು ಅನ್ನಿಸಿಬಿಟ್ಟಿತ್ತು ಕಣಮ್ಮ,” ಎಂದರು.